"ನಮಗೇನೂ ಬೇಡ" ಎನ್ನುವ ಬೀಗರ ಮುಂದೆ ಹೇಗೆ ಮಾತಾಡಬೇಕು

ದಾವಣಗೆರೆಯಲ್ಲಿ ನನ್ನ ತಂಗಿಯರ ಮದುವೆ ಮಾತುಕತೆಗೆ ಮುಂದೆ ಕೂತವಳು ನಾನೇ. ಮಂಡಕ್ಕಿ-ಮಿರ್ಚಿ ಖಾಲಿಯಾಗುತ್ತಿದ್ದಂತೆ ಆ ಮಾತು ಬರುತ್ತದೆ: "ನಮಗೇನೂ ಬೇಡ, ನಿಮ್ಮ ಹುಡುಗಿಗೆ ಏನು ಹಾಕ್ತೀರೋ ನಿಮ್ಮಿಷ್ಟ." ಸುಮ್ನೆ ನಗಬೇಡಿ. "ಹಂಗಾದ್ರೆ ಏನೂ ಹಾಕಲ್ಲ ಯಜಮಾನ್ರೇ" ಎಂದು ಅಲ್ಲೇ ಹೇಳಿ, ಹುಡುಗನ ಮುಖ ನೋಡಿ. ಅವನು ಅಪ್ಪನ ಕಡೆ ತಿರುಗಿದರೆ ಎದ್ದು ಬನ್ನಿ. ಇವತ್ತು ಬೈಕ್ ಕೇಳಿದವರು ನಾಳೆ ಸೈಟ್ ಕೇಳುತ್ತಾರೆ. ಆಮೇಲೆ ಗಂಡ-ಹೆಂಡತಿ ಏನೇ ಮಾತಾಡಿದರೂ ಅದು ದುಡ್ಡಿಗೇ ಬಂದು ನಿಲ್ಲುತ್ತದೆ.

"ಕೊಟ್ಟು ಕೈ ತೊಳ್ಕೊಳ್ಳೋಣ" ಅನ್ನುವ ಸೋದರಮಾವ ಎಲ್ಲರ ಮನೆಯಲ್ಲೂ ಇರುತ್ತಾರೆ, ಅಲ್ವಾ? 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದೂ ಅಪರಾಧವೇ ಎಂದು ಅವರಿಗೆ ಹೇಳಿ.

ಪ್ರೀತಿಯಿಂದ ಕೊಡುವ ಉಡುಗೊರೆ ಬೇರೆ. ಅದರ ಪಟ್ಟಿ ಮಾಡಿ, ಅಂದಾಜು ಬೆಲೆ, ಕೊಟ್ಟವರ ಹೆಸರು ಬರೆದು ಮದುಮಕ್ಕಳಿಬ್ಬರ ಸಹಿ ಹಾಕಿಸಿ. ಮದುವೆಯಾದ ಮೇಲೆ ಕಿರುಕುಳ ಶುರುವಾದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.