ವಾರಕ್ಕೊಂದು ಮೂಳೆ ಮಾತ್ರೆ: ನುಂಗುವುದು ಹೇಗೆ?

ನಮ್ಮ ಮೂಳೆ ದಿನಾ ಒಂದಿಷ್ಟು ಕರಗುತ್ತದೆ, ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಕರಗಿಸುವ ಕೋಶಗಳನ್ನು ಹದ್ದುಬಸ್ತಿನಲ್ಲಿ ಇಡುವುದು ಈಸ್ಟ್ರೋಜನ್ ಹಾರ್ಮೋನು. ಮುಟ್ಟು ನಿಂತಾಗ ಅದು ಇಳಿದುಬಿಡುತ್ತದೆ. ಆಮೇಲಿನ ಐದಾರು ವರ್ಷ ಸವೆತ ಜೋರು. ವಯಸ್ಸಾದಂತೆ ಕಟ್ಟುವ ಕೋಶಗಳ ಚುರುಕೂ ಕಡಿಮೆಯಾಗುತ್ತದೆ. ಹಾಗಾಗಿ ಗಂಡಸರಿಗೂ ಸವೆತ ತಪ್ಪಿದ್ದಲ್ಲ, ನಿಧಾನ ಅಷ್ಟೆ.

ಮೊದಲು ಸೊಂಟ, ಬೆನ್ನಿನ ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಎಂದು ಅಳೆಯುವ ಎಕ್ಸ್-ರೇ) ಮಾಡಿಸಿ. ಅದರಲ್ಲಿ ಬರುವ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ಕೊಡುವ ಚೀಟಿ ನಂಬಿ ಮಾತ್ರೆ ಶುರು ಮಾಡಲೇಬೇಡಿ.

ಡಾಕ್ಟರು ಮೂಳೆ ಸವೆತ ತಡೆಯುವ, ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು ಅನ್ನಿ. ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮಮ್ಮ ಮೂರು ತಿಂಗಳು ಇದನ್ನು ಫಿಲ್ಟರ್ ಕಾಫಿ ಜೊತೆ ನುಂಗಿ, ಮತ್ತೆ ಹೊದ್ದು ಮಲಗುತ್ತಿದ್ದರು. ಎದೆ ಉರಿ ಅಂದಾಗಲೇ ನನಗೆ ಗೊತ್ತಾಗಿದ್ದು.

ಬೆಳಿಗ್ಗೆ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಒಂದು ದೊಡ್ಡ ಲೋಟ ತುಂಬ ಬರೀ ನೀರು. ಕಾಫಿ, ಹಾಲು, ಜ್ಯೂಸ್ ಯಾವುದೂ ಬೇಡ. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಈ ಔಷಧಿ ನೂರಕ್ಕೆ ಒಂದು ಪಾಲೂ ಮೈಗೆ ಹತ್ತುವುದಿಲ್ಲ. ಕಾಫಿ ಸೇರಿದರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಹೋಯಿತು. ಅಗಿಯಬೇಡಿ, ಚೀಪಬೇಡಿ. ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂತಿರಿ, ಇಲ್ಲವೇ ಓಡಾಡಿಕೊಂಡಿರಿ. ಮಲಗಿದರೆ ಮಾತ್ರೆ ಅನ್ನನಾಳಕ್ಕೆ ತಾಗಿ ಹುಣ್ಣಾಗಬಹುದು. ತಿಂಡಿಗೆ ಮುಂಚೆ ಮಲಗಲೇಬಾರದು. ಅಮ್ಮ ಈಗ ಆ ಅರ್ಧ ಗಂಟೆ ಹೂ ಬಿಡಿಸುತ್ತಾರೆ, ರಂಗೋಲಿ ಹಾಕುತ್ತಾರೆ. ಕಾಫಿ ಡಿಕಾಕ್ಷನ್ ಇಳಿಯುವುದಕ್ಕೂ ಸಮಯ ಸಿಗುತ್ತದೆ, ಅಲ್ವಾ?

ಭಾನುವಾರ ಗೊತ್ತು ಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮರೆತರೆ, ನೆನಪಾದ ಮರುದಿನ ಬೆಳಿಗ್ಗೆ ಒಂದು ನುಂಗಿ, ಮುಂದಿನ ಭಾನುವಾರ ಎಂದಿನಂತೆ. ಒಂದೇ ದಿನ ಎರಡು ಬೇಡ.

ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ಸೇರಿಸಬೇಡಿ, ಮಧ್ಯಾಹ್ನದ ಊಟಕ್ಕೆ ಇಟ್ಟುಕೊಳ್ಳಿ. ಊಟಕ್ಕೆ ರಾಗಿ ಮುದ್ದೆಯೇ ಇರಲಿ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಡಬ್ಬಿಯಲ್ಲಿ ಬರುವ ಸಕ್ಕರೆ ತುಂಬಿದ ಪುಡಿಗೆ ಸುಮ್ನೆ ದುಡ್ಡು ಹಾಕಬೇಡಿ. ದಿನಾ ನಡೆಯಿರಿ.

ಹಲ್ಲು ಕೀಳಿಸುವ ಮುಂಚೆ ಈ ಮಾತ್ರೆಯ ವಿಷಯ ದಂತವೈದ್ಯರಿಗೆ ಹೇಳಿ. ನುಂಗುವಾಗ ನೋವಾದರೆ ಅಂದೇ ನಿಲ್ಲಿಸಿ, ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ.