ದೂರದ ಬೆಟ್ಟ ಬಿಡಿ, ಕಾಲಡಿಯ ಹುಲ್ಲು ನೋಡಿ

ಬಿಡುಗಡೆಗೆ ಮುಂಚೆಯೇ ಫ್ಯಾಂಟಸಿ ಗೇಮ್ ಒಂದರ ಗ್ರಾಫಿಕ್ಸ್ ಅಳೆಯುವುದು ಹೇಗೆ?

ಹೊಸ ಫ್ಯಾಂಟಸಿ ಆರ್‌ಪಿಜಿ, ಅಂದರೆ ನಾವೇ ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ಗೇಮ್, ಅದರ ಟ್ರೇಲರ್ ಬಂತು ಅಂದ್ರೆ ಸಾಕು, ಸಂಜೆಯೊಳಗೆ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಪಕ್ಷಕ್ಕೆ ಅದು ಕಣ್ಣಿಗೆ ಹಬ್ಬ. ಇನ್ನೊಂದಕ್ಕೆ ಹತ್ತು ವರ್ಷ ಹಳೆಯ ಗೇಮ್. ಇಬ್ಬರೂ ನೋಡಿದ್ದು ಮಾತ್ರ ಅದೇ ಎರಡು ನಿಮಿಷದ ವಿಡಿಯೊ, ಅದೂ ಎಷ್ಟೋ ಜನ ಅಂಗೈಯಗಲದ ಮೊಬೈಲ್‌ನಲ್ಲಿ.

ನಾನೂ ಒಮ್ಮೆ ಮೊದಲ ಪಕ್ಷದಲ್ಲಿದ್ದೆ. ಮುಳುಗುವ ಸೂರ್ಯ, ಕೆಂಪೇರಿದ ಕೆರೆ, ಮೇಲೆ ಹಾರುವ ಡ್ರ್ಯಾಗನ್, ನೀರಿನಲ್ಲಿ ಅದರ ಪ್ರತಿಬಿಂಬ. ಆ ಒಂದು ದೃಶ್ಯ ನೋಡಿಯೇ ಮುಂಗಡ ದುಡ್ಡು ಕೊಟ್ಟುಬಿಟ್ಟೆ. ಗೇಮ್ ಕೈಗೆ ಬಂತು. ಕೆರೆಯೂ ಇತ್ತು, ಡ್ರ್ಯಾಗನ್ನೂ ಇತ್ತು. ಆದರೆ ಕ್ಯಾಮೆರಾ ಸ್ವಲ್ಪ ಕೆಳಗೆ ತಿರುಗಿಸಿದರೆ ನೀರಿನೊಳಗಿನ ಡ್ರ್ಯಾಗನ್ ಮಂಗಮಾಯ! ಕಂಪನಿ ಸುಳ್ಳು ಹೇಳಿತ್ತು ಅಂತಲೂ ಹೇಳಲಾರೆ. ಅವರು ತೋರಿಸಿದ್ದನ್ನು ನಾನು ನೋಡಿದ್ದೆ, ಅಷ್ಟೇ. ಅವರು ತೋರಿಸಬೇಕು ಅಂದುಕೊಳ್ಳದೇ ಇದ್ದದ್ದನ್ನು ಹುಡುಕಿ ನೋಡುವುದನ್ನು ಆಮೇಲೆ ಕಲಿತೆ.

ಮೊದಲ ಹೆಜ್ಜೆ: ಇದು ಯಾವ ಜಾತಿಯ ವಿಡಿಯೊ?

ಟ್ರೇಲರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಅನಿಮೇಷನ್ ಸಿನಿಮಾದಂತೆ ಮೊದಲೇ ತಯಾರಿಸಿ ಇಟ್ಟದ್ದು. ಇದಕ್ಕೂ ನೀವು ಆಡುವ ಗೇಮ್‌ಗೂ ನೆಂಟಸ್ತಿಕೆ ಕಡಿಮೆ. ಎರಡು, 'ಇನ್-ಎಂಜಿನ್'. ಗೇಮ್ ತಯಾರಾಗುವ ಸಾಫ್ಟ್‌ವೇರ್‌ನಲ್ಲೇ ಮಾಡಿದ್ದು ಅನ್ನುವುದಷ್ಟೇ ಇದರ ಅರ್ಥ. ಒಂದೊಂದು ಫ್ರೇಮ್ (ವಿಡಿಯೊದ ಒಂದು ಬಿಡಿ ಚಿತ್ರ) ಮೂಡಿಸಲು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಂಡಿರಬಹುದು. ಮೂರು, ನಿಜವಾದ ಗೇಮ್‌ಪ್ಲೇ. ಪರದೆಯ ಮೇಲೆ ಜೀವದ ಪಟ್ಟಿ, ಮ್ಯಾಪು ಎಲ್ಲ ಕಾಣುತ್ತದೆ, ಕ್ಯಾಮೆರಾ ಆಟಗಾರನ ಬೆನ್ನ ಹಿಂದೆಯೇ ಇರುತ್ತದೆ.

ಯಾವುದು ಯಾವುದು ಅಂತ ತಿಳಿಯಲು ವಿಡಿಯೊದ ಮೊದಲಲ್ಲಿ ಅಥವಾ ಕೊನೆಯಲ್ಲಿ ಬರುವ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿ. ಬೇಕಿದ್ದರೆ ವಿಡಿಯೊ ನಿಲ್ಲಿಸಿ ಓದಿ. 'ದಿ ವಿಚರ್ 4' ಒಳ್ಳೆಯ ಉದಾಹರಣೆ. 2024ರ ಡಿಸೆಂಬರ್‌ನಲ್ಲಿ ಬಂದ ಅದರ ಮೊದಲ ಟ್ರೇಲರ್ ಅನ್‌ರಿಯಲ್ ಎಂಜಿನ್ 5ರಲ್ಲೇ ಮಾಡಿದ್ದು, ಆದರೆ ಚಿತ್ರಗಳನ್ನೆಲ್ಲ ಮೊದಲೇ ಮೂಡಿಸಿಟ್ಟದ್ದು, ಅದೂ ಆಗಿನ್ನೂ ಘೋಷಣೆಯೇ ಆಗದ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಮೇಲೆ. 2025ರ ಜೂನ್‌ನಲ್ಲಿ ತೋರಿಸಿದ್ದು ಬೇರೆ ಥರದ್ದು. ಅದು ಸಾಮಾನ್ಯ ಪ್ಲೇಸ್ಟೇಷನ್ 5ರಲ್ಲಿ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡುತ್ತಿತ್ತು. ಆದರೆ ಇದು ತಂತ್ರಜ್ಞಾನ ತೋರಿಸುವ ಟೆಕ್ ಡೆಮೊ, ಗೇಮ್ ಅಲ್ಲ ಅಂತ ತಯಾರಕರೇ ಹೇಳಿದ್ದರು. ಎರಡನ್ನೂ ಸೇರಿಸಿ 'ಗೇಮ್ ಹೀಗೇ ಇರುತ್ತೆ' ಅಂತ ಕುಣಿದವರಿಗೆ ಕೊರತೆ ಇರಲಿಲ್ಲ ಬಿಡಿ.

ಎರಡನೇ ಹೆಜ್ಜೆ: ಕನ್ನಡಕ ಒರೆಸಿಕೊಳ್ಳಿ

ನೀವು ನೋಡುತ್ತಿರುವುದು ಗೇಮ್ ಅಲ್ಲ, ಗೇಮ್‌ನ ವಿಡಿಯೊ. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿ. 1080ಪಿ, ಅಂದರೆ ಫುಲ್ ಎಚ್‌ಡಿ ಚಿತ್ರ ಒಂದರಲ್ಲಿ ಸುಮಾರು 20 ಲಕ್ಷ 73 ಸಾವಿರ ಚುಕ್ಕಿಗಳಿರುತ್ತವೆ. ಒಂದೊಂದು ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 60 ಚಿತ್ರ ಅಂದ್ರೆ ಸೆಕೆಂಡಿಗೆ ಸುಮಾರು 373 ಮೆಗಾಬೈಟ್. ಇಂಥ ವಿಡಿಯೊ ಅಪ್‌ಲೋಡ್ ಮಾಡಲು ಯೂಟ್ಯೂಬ್ ಹೇಳುವ ಪ್ರಮಾಣ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ ಒಂದೂವರೆ ಮೆಗಾಬೈಟ್. ಸುಮಾರು 250ರಲ್ಲಿ ಒಂದು ಪಾಲು ಉಳಿಯಿತು!

ಎಲ್ಲಕ್ಕಿಂತ ಮೊದಲು ಕೆಡುವುದು ಯಾವುದು? ಹುಲ್ಲು, ಎಲೆ, ಮಳೆ, ಹೊಗೆ, ಕಿಡಿ, ಕತ್ತಲೆ ಗುಹೆ. ಫ್ಯಾಂಟಸಿ ಗೇಮ್ ಅಂದ್ರೆ ಇದೇ ತಾನೆ? ಹಾಗಾಗಿ ಕಾಡಿನ ದೃಶ್ಯ ಕಲಸಿಟ್ಟಂತೆ ಕಂಡರೆ ಗೇಮ್ ಅನ್ನು ಬೈಯುವ ಮೊದಲು ವಿಡಿಯೊ ಗುಣಮಟ್ಟ ನೋಡಿ. ನಿಮ್ಮ ಪರದೆ 1080ಪಿ ಆಗಿದ್ದರೂ 4ಕೆ ಆಯ್ಕೆಯನ್ನೇ ಒತ್ತಿ. ಅದಕ್ಕೆ ಯೂಟ್ಯೂಬ್ ಜಾಸ್ತಿ ಡೇಟಾ ಕೊಡುತ್ತದೆ, ಚಿತ್ರ ಎಷ್ಟೋ ವಾಸಿ. ಇದಕ್ಕೆ ಉಲ್ಟಾ ಕೂಡ ಉಂಟು. ದೂರದ ಎಲೆಗಳು ಮಿಣಮಿಣ ಅನ್ನುವುದು, ಗೆರೆಗಳ ಅಂಚು ಗರಗಸದ ಹಲ್ಲಿನಂತೆ ಕಾಣುವುದು, ಇಂಥ ದೋಷಗಳನ್ನು ಕೆಟ್ಟ ವಿಡಿಯೊ ಮುಚ್ಚಿಯೂ ಹಾಕುತ್ತದೆ.

ಟಿವಿಯಲ್ಲಿ ನೋಡುವುದಾದರೆ ಬಣ್ಣ ಕುಕ್ಕುವ ಮೋಡ್, ಚಲನೆ ನುಣುಪು ಮಾಡುವ ಸೆಟ್ಟಿಂಗ್ ಎರಡನ್ನೂ ಆಫ್ ಮಾಡಿ. ಕಂಪ್ಯೂಟರಿನಲ್ಲಾದರೆ ವಿಡಿಯೊ ನಿಲ್ಲಿಸಿ ಕೀಬೋರ್ಡಿನ ಅಲ್ಪವಿರಾಮ, ಪೂರ್ಣವಿರಾಮದ ಕೀ ಒತ್ತಿ. ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ಭೂತಗನ್ನಡಿ ಬೇಕಿಲ್ಲ.

ಮೂರನೇ ಹೆಜ್ಜೆ: ಇಷ್ಟವಾಗಲಿಲ್ಲ ಬೇರೆ, ಚೆನ್ನಾಗಿಲ್ಲ ಬೇರೆ

ಜಗಳ ಜಾಸ್ತಿ ಆಗುವುದು ಇಲ್ಲೇ. ಶೈಲಿ ಒಂದು, ಕುಸುರಿ ಇನ್ನೊಂದು. 2024ರ ಜೂನ್‌ನಲ್ಲಿ 'ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್' ಟ್ರೇಲರ್ ಬಂದಾಗ ಪಾತ್ರಗಳು ಕಾರ್ಟೂನ್ ಥರ ಇವೆ, ಗ್ರಾಫಿಕ್ಸ್ ಕೆಟ್ಟದಾಗಿದೆ ಅಂತ ತುಂಬಾ ಜನ ಸಿಟ್ಟಾದರು. ಅದೇ ವರ್ಷ ಅಕ್ಟೋಬರ್ 31ಕ್ಕೆ ಗೇಮ್ ಬಂದಾಗ ನೋಡಿದರೆ ಎಳೆ ಎಳೆಯಾಗಿ ಅಲುಗಾಡುವ ಕೂದಲನ್ನೇ ಹೊಗಳುವವರಿದ್ದರು. ಮುಖದ ಶೈಲಿ ಹಿಡಿಸದೇ ಇರಬಹುದು, ಅದು ನಿಮ್ಮ ಹಕ್ಕು. ಆದರೆ ಅದು ಕುಸುರಿಯ ದೋಷವಲ್ಲ. 'ಎಲ್ಡನ್ ರಿಂಗ್' ಇದಕ್ಕೆ ಎದುರು ಉದಾಹರಣೆ. ತಾಂತ್ರಿಕವಾಗಿ ಅದು ತನ್ನ ಕಾಲದ ಎತ್ತರದ ಗೇಮ್ ಆಗಿರಲಿಲ್ಲ. ಆದರೂ ಹೊಳೆಯುವ ಆ ಚಿನ್ನದ ಮರ ದಿಗಂತದಲ್ಲಿ ಕಂಡಾಗ ಯಾರೂ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಎಣಿಸುತ್ತಾ ಕೂರಲಿಲ್ಲ.

ಶೈಲಿಯನ್ನು ಪರೀಕ್ಷಿಸಲು ಸುಲಭದ ಉಪಾಯ ಇದೆ. ಹೊಡೆದಾಟದ ಮಧ್ಯೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ, ಕಪ್ಪು ಬಿಳುಪು ಮಾಡಿ, ಸ್ವಲ್ಪ ಮಸುಕು ಮಾಡಿ. ಈಗ ನಿಮ್ಮ ಪಾತ್ರ ಎಲ್ಲಿದೆ, ಶತ್ರು ಎಲ್ಲಿದ್ದಾನೆ ಅಂತ ಗೊತ್ತಾಗುತ್ತದೆಯೇ? ಗೊತ್ತಾದರೆ ಆ ತಂಡದಲ್ಲಿ ಚಿತ್ರ ಬಲ್ಲವರು ಇದ್ದಾರೆ. ಗೊತ್ತಾಗದಿದ್ದರೆ ಎಷ್ಟು ಬಣ್ಣ ಚೆಲ್ಲಿದ್ದರೂ ಆಡುವಾಗ ಕಣ್ಣು ನೋಯುವುದು ಖಾತ್ರಿ.

ನಾಲ್ಕನೇ ಹೆಜ್ಜೆ: ಬೇಜಾರಿನ ದೃಶ್ಯಗಳನ್ನು ಹುಡುಕಿ

ನನ್ನ ಪ್ರಕಾರ ಇದೊಂದೇ ಮಾಡಿದರೂ ಸಾಕು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುವ ಗಾದೆ ಗೇಮ್‌ಗಳ ಮಟ್ಟಿಗೆ ಅಕ್ಷರಶಃ ನಿಜ. ದೂರದ ಬೆಟ್ಟಕ್ಕೆ ಗೇಮ್ ಕಡಿಮೆ ವಿವರದ ಮಾದರಿ ಇಡುತ್ತದೆ, ನೀವು ಹತ್ತಿರ ಹೋದಂತೆ ಅದನ್ನು ಬದಲಿಸುತ್ತದೆ. ಆ ಬದಲಾವಣೆ ಕಣ್ಣಿಗೆ ಬೀಳುತ್ತದೆಯೇ ಅನ್ನುವುದೇ ಪ್ರಶ್ನೆ. ಕುದುರೆ ಓಡುವ ದೃಶ್ಯ ಸಿಕ್ಕರೆ ಕುದುರೆಯನ್ನು ಬಿಡಿ, ಇಕ್ಕೆಲದ ಪೊದೆಗಳನ್ನು ನೋಡಿ. ಶೂನ್ಯದಿಂದ ಟಪಕ್ ಅಂತ ಹುಟ್ಟುತ್ತಿವೆಯೇ? ಮರದ ನೆರಳು ಕಾಲ ಬಳಿ ಬರುವ ಹೊತ್ತಿಗೆ ಮಾತ್ರ ಸ್ಪಷ್ಟವಾಗುತ್ತಿದೆಯೇ?

ಆಮೇಲೆ ಕಾಲು ನೋಡಿ. ಮೆಟ್ಟಿಲು ಹತ್ತುವಾಗ ಪಾದ ಮೆಟ್ಟಿಲ ಮೇಲೆ ಊರುತ್ತದೆಯೋ, ಗಾಳಿಯಲ್ಲಿ ತೇಲುತ್ತದೆಯೋ? ಇಳಿಜಾರಿನಲ್ಲಿ ಜಾರಿದಂತೆ ನಡೆಯುತ್ತಾನೆಯೇ? ಹುಲ್ಲು ಕಾಲಿಗೆ ಬಾಗುತ್ತದೆಯೇ? ಮೇಲಂಗಿ ಕತ್ತಿಯೊಳಗೆ ತೂರುತ್ತದೆಯೇ? ಉದ್ದ ಕೂದಲು ಭುಜದ ಕವಚಕ್ಕೆ ತಾಗಿದಾಗ ಏನಾಗುತ್ತದೆ? ಯಾವ ಟ್ರೇಲರ್ ತಯಾರಕನೂ ಇವನ್ನು ತೋರಿಸಲು ಕ್ಯಾಮೆರಾ ಇಡುವುದಿಲ್ಲ. ಆದರೆ ಇವು ಫ್ರೇಮಿನ ಮೂಲೆಯಲ್ಲಿ ಸಿಕ್ಕೇ ಸಿಗುತ್ತವೆ.

ನೀರಿನ ವಿಷಯಕ್ಕೆ ಬರೋಣ, ನನ್ನ ಹಳೇ ಗಾಯ ಅದು. ಎಷ್ಟೋ ಗೇಮ್‌ಗಳು ಪ್ರತಿಬಿಂಬ ತೋರಿಸಲು ಸದ್ಯ ಪರದೆಯ ಮೇಲೆ ಏನಿದೆಯೋ ಅದನ್ನೇ ತಿರುಗಿಸಿ ನೀರಿಗೆ ಅಂಟಿಸುತ್ತವೆ. ಡ್ರ್ಯಾಗನ್ ಪರದೆಯಿಂದ ಆಚೆ ಹೋದರೆ ಅಂಟಿಸಲು ಏನೂ ಉಳಿಯುವುದಿಲ್ಲ. ಬೆಳಕಿನ ಕಿರಣಗಳ ದಾರಿಯನ್ನೇ ಲೆಕ್ಕ ಹಾಕುವ ರೇ ಟ್ರೇಸಿಂಗ್ ಬಳಸಿದರೆ ಈ ತೊಂದರೆ ಇಲ್ಲ, ಆದರೆ ಅದಕ್ಕೆ ಯಂತ್ರ ಬೆವರಬೇಕು. ಹಾಗಾಗಿ ಟ್ರೇಲರ್‌ನಲ್ಲಿ ಕ್ಯಾಮೆರಾ ನೀರಿನ ಕಡೆ ಬಾಗುವ ಕ್ಷಣವನ್ನೇ ಹಿಡಿಯಿರಿ.

ಬೆಂಕಿ, ಪಂಜು ಕಂಡರೂ ನಿಲ್ಲಿಸಿ. ಪಂಜು ಅಲುಗಾಡಿದಾಗ ಗೋಡೆಯ ಮೇಲಿನ ನೆರಳೂ ಅಲುಗಬೇಕು ಅಲ್ವಾ? 'ಡಾರ್ಕ್ ಸೋಲ್ಸ್ 2' ಗೇಮ್‌ನ ಡೆಮೊವನ್ನು 2013ರಲ್ಲಿ ತೋರಿಸಿದಾಗ ಪಂಜಿನ ಬೆಳಕು, ಸುತ್ತಲಿನ ಗಾಢ ಕತ್ತಲೆ ಎಲ್ಲರ ಮನಸ್ಸಿನಲ್ಲಿ ಕೂತಿತ್ತು. 2014ರ ಮಾರ್ಚ್‌ನಲ್ಲಿ ಬಂದ ಗೇಮ್‌ನಲ್ಲಿ ಬೆಳಕಿನ ವ್ಯವಸ್ಥೆಯೇ ಸಪ್ಪೆಯಾಗಿತ್ತು. ಬೆಳಕು, ನೆರಳು ಯಂತ್ರಕ್ಕೆ ಭಾರದ ಕೆಲಸ. ಕತ್ತರಿ ಬೀಳುವುದು ಮೊದಲು ಅಲ್ಲೇ.

ಇನ್ನು ಮಾತುಕತೆ. ಆರ್‌ಪಿಜಿ ಅಂದ್ರೆ ಅರ್ಧ ಆಟ ಮಾತಿನಲ್ಲೇ ಹೋಗುತ್ತದೆ. ನಾಯಕನ ಮುಖಕ್ಕೆ ಕಲಾವಿದರು ವಾರಗಟ್ಟಲೆ ಕೂತಿರುತ್ತಾರೆ. ಕಳೆದುಹೋದ ಕುರಿ ಹುಡುಕಿಕೊಡು ಅನ್ನುವ ಹಳ್ಳಿಯವನ ಮುಖಕ್ಕೆ ಅಷ್ಟು ಹೊತ್ತು ಯಾರಿಗಿದೆ? 'ದಿ ವಿಚರ್ 3'ರಲ್ಲಿ ಮಾತಿನ ದೃಶ್ಯಗಳ ಮೊದಲ ಕರಡನ್ನು ಸಾಫ್ಟ್‌ವೇರ್ ತಯಾರಿಸುತ್ತಿತ್ತು, ಆಮೇಲೆ ಜನ ಕೂತು ತಿದ್ದುತ್ತಿದ್ದರು. ಆ ತಿದ್ದುವ ಶ್ರಮವೇ ಗೇಮ್ ಅನ್ನು ಎತ್ತಿ ಹಿಡಿಯಿತು. ಆದ್ದರಿಂದ ಹೊಸ ಗೇಮ್‌ನಲ್ಲಿ ಹೆಸರಿಲ್ಲದ ಪಾತ್ರದ ಕಣ್ಣು ನೋಡಿ. ಮಾತಾಡುವವರ ಕಡೆ ತಿರುಗುತ್ತದೆಯೇ? ತುಟಿ ಮಾತಿಗೆ ಹೊಂದುತ್ತದೆಯೇ? ಕೈ ಸುಮ್ನೆ ಅದೇ ಅದೇ ಭಂಗಿಗೆ ಬರುತ್ತದೆಯೇ?

ಐದನೇ ಹೆಜ್ಜೆ: ಓಟ ನೋಡಿ, ಯಂತ್ರ ಕೇಳಿ

ನಿಂತ ಚಿತ್ರ ಚೆಂದ ಇದ್ದರೆ ಸಾಲದು. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದೊಂದು ಚಿತ್ರಕ್ಕೆ 33.3 ಮಿಲಿಸೆಕೆಂಡ್ ಸಮಯ, 60 ಅಂದರೆ 16.7 ಮಾತ್ರ. ನಿಧಾನಗತಿಯ ದೃಶ್ಯ, ಚಕಚಕ ಕಟ್, ಇವೆಲ್ಲ ಎಡವಟ್ಟುಗಳನ್ನು ಚೆನ್ನಾಗಿ ಅಡಗಿಸುತ್ತವೆ. ಒಂದೇ ಶಾಟ್ ಅರ್ಧ ನಿಮಿಷ ಓಡುವ ಭಾಗ ಹುಡುಕಿ. ಅದರಲ್ಲೂ ಪೇಟೆ, ಸಂತೆ ಹುಡುಕಿ. 2024ರ ಮಾರ್ಚ್‌ನಲ್ಲಿ ಬಂದ 'ಡ್ರ್ಯಾಗನ್ಸ್ ಡಾಗ್ಮಾ 2' ಬಯಲಿನಲ್ಲಿ ಚೆನ್ನಾಗಿಯೇ ಓಡಿತು. ಊರೊಳಗೆ ಕಾಲಿಟ್ಟ ಕೂಡಲೇ ಏದುಸಿರು ಬಿಟ್ಟಿತು. ಒಂದೊಂದು ಪಾತ್ರಕ್ಕೂ ಸಿಪಿಯು ಹೆಚ್ಚು ಬೇಕಾಗುತ್ತದೆ ಅಂತ ತಯಾರಿಸಿದ ಕಂಪನಿ ಕ್ಯಾಪ್‌ಕಾಮ್ ತಾನೇ ಹೇಳಿತು. ಪೇಟೆಯನ್ನೇ ತೋರಿಸದ ಟ್ರೇಲರ್ ಕಂಡರೆ ನನಗೆ ಈಗ ಅನುಮಾನ.

ಓಡುತ್ತಿರುವುದು ಯಾವ ಯಂತ್ರದಲ್ಲಿ ಅನ್ನುವುದು ಅಷ್ಟೇ ಮುಖ್ಯ. 'ಸೈಬರ್‌ಪಂಕ್ 2077' ಫ್ಯಾಂಟಸಿ ಅಲ್ಲ, ಆದರೂ ಅದರ ಕಥೆ ಮರೆಯುವಂಥದ್ದಲ್ಲ. 2020ರ ಡಿಸೆಂಬರ್ 10ಕ್ಕೆ ಗೇಮ್ ಬಂತು. ಅದಕ್ಕೆ ಮುಂಚೆ ಬಂದ ವಿಮರ್ಶೆಗಳೆಲ್ಲ ಪಿಸಿ ಆವೃತ್ತಿಯವು. ಹಳೆಯ ಕನ್ಸೋಲ್‌ಗಳಲ್ಲಿ ಅದರ ಪಾಡು ನೋಡಲಾಗದಂತಿತ್ತು. ಒಂದು ವಾರದಲ್ಲೇ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆಯಿತು, ವಾಪಸ್ ಇಟ್ಟದ್ದು 2021ರ ಜೂನ್‌ನಲ್ಲಿ. ಬಿಡುಗಡೆಗೆ ವಾರ ಇದ್ದರೂ ನಿಮ್ಮ ಬಳಿ ಇರುವ ಯಂತ್ರದ ವಿಡಿಯೊ ಒಂದೂ ಬಂದಿಲ್ಲ ಅಂದ್ರೆ ಸ್ವಲ್ಪ ತಡೆಯಿರಿ.

ಸಿಸ್ಟಮ್ ಅಗತ್ಯಗಳ ಪಟ್ಟಿಯನ್ನೂ ಅಡಿಟಿಪ್ಪಣಿ ಸಮೇತ ಓದಿ. 'ಮಾನ್‌ಸ್ಟರ್ ಹಂಟರ್ ವೈಲ್ಡ್ಸ್' ಶಿಫಾರಸು ಮಾಡಿದ ಯಂತ್ರದಲ್ಲಿ 1080ಪಿ, 60 ಫ್ರೇಮ್ ಅಂದಿತ್ತು, ಆದರೆ ಫ್ರೇಮ್ ಜನರೇಷನ್ ಹಾಕಿಕೊಂಡರೆ. ಅಂದರೆ ನಿಜವಾದ ಫ್ರೇಮ್‌ಗಳ ನಡುವೆ ಊಹಿಸಿದ ಫ್ರೇಮ್ ತುರುಕುವುದು. ಸಂಖ್ಯೆ ಏರುತ್ತದೆ, ಬಟನ್ ಒತ್ತಿದಾಗಿನ ಚುರುಕು ಏರುವುದಿಲ್ಲ. ಅಪ್‌ಸ್ಕೇಲಿಂಗ್, ಅಂದರೆ ಚಿಕ್ಕ ಚಿತ್ರ ಮಾಡಿ ಹಿಗ್ಗಿಸುವುದು, ಕೂಡ ಹಾಗೇ. ಎನ್‌ವಿಡಿಯಾದ ಅಪ್‌ಸ್ಕೇಲಿಂಗ್ ಆದ ಡಿಎಲ್‌ಎಸ್‌ಎಸ್‌ನ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ 4ಕೆ ಅಂದರೆ ಒಳಗೆ ತಯಾರಾಗುವುದು 1080ಪಿ ಚಿತ್ರ. ಅದು ಮೋಸವೇನಲ್ಲ, ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಬೀಸುವ ಕತ್ತಿಯ ಹಿಂದೆ, ಹಾರುವ ಹಕ್ಕಿಯ ಹಿಂದೆ ಮಸುಕು ಬಾಲ ಇದೆಯೇ ಅಂತ ನೋಡಿಕೊಂಡರೆ ಆಯ್ತು.

ಆರನೇ ಹೆಜ್ಜೆ: ಯಾವುದು ಬದಲಾಗುತ್ತೆ, ಯಾವುದು ಇಲ್ಲ

'ಇನ್ನೂ ಕೆಲಸ ನಡೀತಿದೆ' ಅನ್ನುವ ಸಾಲು ಎಲ್ಲ ವಿಡಿಯೊದಲ್ಲೂ ಇರುತ್ತದೆ. ಅದನ್ನು ಅರ್ಧ ನಂಬಿ. ಫ್ರೇಮ್ ತಡವರಿಸುವುದು, ಪೊದೆ ಟಪಕ್ ಅನ್ನುವುದು, ಬಗ್‌ಗಳು, ಇವು ಕೊನೆಯ ತಿಂಗಳುಗಳಲ್ಲಿ ಸರಿಹೋಗಬಹುದು. ಮುಖಗಳ ಶೈಲಿ, ನಡಿಗೆಯ ಮೂಲ ಸ್ವಭಾವ, ಊರುಗಳ ವಿನ್ಯಾಸ, ಎಂಜಿನ್, ಇವು ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಬೆಳಕು ಮಾತ್ರ ಎರಡೂ ಕಡೆ ವಾಲಬಹುದು. 'ದಿ ವಿಚರ್ 3'ರ 2013ರ ವಿಡಿಯೊಗೂ 2015ರ ಮೇನಲ್ಲಿ ಬಂದ ಗೇಮ್‌ಗೂ ಹೋಲಿಸಿ ದೊಡ್ಡ ರಂಪವೇ ಆಯಿತು. 2013ರಲ್ಲಿ ಚಿತ್ರ ಮೂಡಿಸಿದ ವಿಧಾನ ಅಷ್ಟು ದೊಡ್ಡ ತೆರೆದ ಲೋಕಕ್ಕೆ ಒಗ್ಗಲಿಲ್ಲ ಅಂತ ತಯಾರಕರು ವಿವರಿಸಿದರು. ಡೌನ್‌ಗ್ರೇಡ್, ಅಂದರೆ ತೋರಿಸಿದ್ದಕ್ಕಿಂತ ಗ್ರಾಫಿಕ್ಸ್ ಇಳಿದದ್ದು, ಹೌದು, ಆದರೂ ಆ ಗೇಮ್ ಚೆಂದ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಎಲ್ಲಕ್ಕಿಂತ ನಂಬಿಕಸ್ತ ಸಾಕ್ಷಿ ನಿಮ್ಮ ಕೈಯಲ್ಲೇ ಆಡಿದ್ದು. ಡೆಮೊ, ಬೀಟಾ (ಪರೀಕ್ಷಾ ಆವೃತ್ತಿ), ಅರ್ಲಿ ಆ್ಯಕ್ಸೆಸ್ (ಪೂರ್ತಿಯಾಗುವ ಮುಂಚೆಯೇ ಆಡಲು ಬಿಡುವುದು) ಏನಿದ್ದರೂ ಬಿಡಬೇಡಿ. 'ಬಾಲ್ಡರ್ಸ್ ಗೇಟ್ 3' 2020ರ ಅಕ್ಟೋಬರ್‌ನಿಂದಲೇ ಅರ್ಲಿ ಆ್ಯಕ್ಸೆಸ್‌ನಲ್ಲಿತ್ತು, ಪೂರ್ತಿ ಗೇಮ್ ಬಂದದ್ದು 2023ರ ಆಗಸ್ಟ್‌ನಲ್ಲಿ. ಹೆಚ್ಚುಕಡಿಮೆ ಮೂರು ವರ್ಷ ಅದರ ಮೊದಲ ಅಂಕವನ್ನು ಆಡಿ ನೋಡಬಹುದಿತ್ತು. ಟ್ರೇಲರ್ ಜಗಳಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಇಷ್ಟೆಲ್ಲ ಮಾಡಿಯೂ ಮುಂಗಡ ಕೊಡಲೇಬೇಕು ಅನಿಸಿದರೆ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ನಿಯಮ ನೆನಪಿರಲಿ. ಬಿಡುಗಡೆಗೆ ಮುಂಚೆ ಯಾವಾಗ ಬೇಕಾದರೂ ದುಡ್ಡು ವಾಪಸ್ ಕೇಳಬಹುದು. ಬಿಡುಗಡೆಯಾದ ಮೇಲೆ 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆ ಮೀರಿರಬಾರದು. ಆರ್‌ಪಿಜಿಯಲ್ಲಿ 2 ಗಂಟೆ ಅಂದ್ರೆ ಏನೂ ಅಲ್ಲ. ಪಾತ್ರದ ಮೂಗು ಸರಿ ಮಾಡುವುದರಲ್ಲೇ ಮುಕ್ಕಾಲು ಗಂಟೆ ಕಳೆಯುವ ಜನ ನಾವು. ಅದಕ್ಕೇ ನಾನು ಈಗ ಮೊದಲ ಸಲ ಸಿದ್ಧ ಮುಖವನ್ನೇ ಆರಿಸಿಕೊಂಡು ನೇರ ಪೇಟೆಗೆ ಓಡುತ್ತೇನೆ. ದಾರಿಯಲ್ಲಿ ಕೆರೆ ಸಿಕ್ಕರೆ ನಿಂತು, ಕ್ಯಾಮೆರಾ ನೀರಿನ ಕಡೆ ಬಾಗಿಸುತ್ತೇನೆ. ಮೂಗು ಆಮೇಲೆ ನೋಡಿಕೊಂಡರಾಯ್ತು.