ಹೈಸ್ಕೂಲ್ ಮಕ್ಕಳು ಮೈದಾನಕ್ಕೆ ಬರಬೇಕಾದರೆ

ಉತ್ತರ ಕನ್ನಡ ಜಿಲ್ಲೆಯ ದೈಹಿಕ ಶಿಕ್ಷಕರೇ, ಕ್ರೀಡಾಕೂಟದ ಓಟ, ಜಿಗಿತ, ಎಸೆತಗಳಿಗೆ ಹೆಸರು ಕೊಡುವವರು ಕಡಿಮೆಯಾದರೆ ಮಕ್ಕಳಿಗೆ ಆಸಕ್ತಿಯಿಲ್ಲವೆಂದು ತೀರ್ಮಾನಿಸುವ ಮುನ್ನ, ಪ್ರತಿಯೊಬ್ಬರೂ ಸಂಜೆ ಮನೆಗೆ ಹೇಗೆ ಹೋಗುತ್ತಾರೆಂದು ವಿಚಾರಿಸಿ ಬರೆದಿಟ್ಟುಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳ ಮಕ್ಕಳಿಗೆ ಸಂಜೆಯ ಬಸ್ಸು ತಪ್ಪಿದರೆ ಕಾಡುದಾರಿಯಲ್ಲಿ ನಡೆಯುವುದೇ ಗತಿಯಾದ್ದರಿಂದ, ಶಾಲೆ ಬಿಟ್ಟ ಮೇಲೆ ಅಭ್ಯಾಸವಿಟ್ಟರೆ ಪೇಟೆಯ ಮಕ್ಕಳಷ್ಟೇ ಉಳಿಯುತ್ತಾರೆ. ಆಟದ ಅವಧಿಯಲ್ಲೇ ಅಭ್ಯಾಸ ಮುಗಿಸಿ. ಆ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಹೋಗದಂತೆ ಮುಖ್ಯಾಧ್ಯಾಪಕರೊಡನೆ ಜೂನ್‌ನಲ್ಲೇ ಮಾತನಾಡಿ.

ಎರಡನೆಯ ಅಡ್ಡಿ ಮಳೆ. ಪಾಚಿಗಟ್ಟಿದ ಮೈದಾನದಲ್ಲಿ ವೇಗದ ಓಟ ಬೇಡ. ನಿಂತಲ್ಲಿಂದ ಜಿಗಿಯುವುದು, ಹಗ್ಗದಾಟ, ರಿಲೇ ಕೋಲನ್ನು ನಡೆಯುತ್ತಲೇ ಕೈ ಬದಲಿಸುವುದು ಇವೆಲ್ಲ ಶಾಲೆಯ ಜಗುಲಿಯಲ್ಲೇ ಸಾಧ್ಯ. ಕಾರವಾರ, ಅಂಕೋಲಾ, ಕುಮಟಾದವರು ಮಳೆಗಾಲ ಕಳೆದ ಮೇಲೆ, ಇಳಿತದ ಹೊತ್ತಿನಲ್ಲಿ, ಗಟ್ಟಿಯಾದ ಒದ್ದೆ ಮರಳಿನ ಮೇಲೆ ಓಡಿಸಬಹುದು. ಆದರೆ ತೀರ ಸಮುದ್ರದ ಕಡೆಗೆ ಇಳಿಜಾರಾಗಿರುವುದರಿಂದ, ಹೋದಷ್ಟೇ ದೂರ ಅದೇ ಜಾಡಿನಲ್ಲಿ ತಿರುಗಿ ಓಡಿಸಿ. ಇಲ್ಲವಾದರೆ ಒಂದೇ ಕಾಲಿಗೆ ಭಾರ ಬೀಳುತ್ತದೆ.

ಹೆಣ್ಣುಮಕ್ಕಳು ಹಿಂದೆ ಸರಿಯುವುದಕ್ಕೆ ಕಾರಣಗಳನ್ನು ಅವರು ಎಲ್ಲರೆದುರು ಹೇಳುವುದಿಲ್ಲ. ಮುಟ್ಟಿನ ದಿನಗಳು, ಉಡುಪಿನ ಸಂಕೋಚ, ಕ್ರೀಡಾಕೂಟದ ಸ್ಥಳದಲ್ಲಿ ಶೌಚಾಲಯ ಇದೆಯೋ ಇಲ್ಲವೋ ಎಂಬ ಆತಂಕ ಇವನ್ನು ಶಿಕ್ಷಕಿಯೊಬ್ಬರು ಪ್ರತ್ಯೇಕವಾಗಿ ಕೇಳಿ ತಿಳಿಯಬೇಕು. ಟ್ರ್ಯಾಕ್ ಪ್ಯಾಂಟ್ ಹಾಕಿ ಓಡಲು ಅವಕಾಶ ಕೊಡಿ. ಮಕ್ಕಳ ಜೊತೆಯಲ್ಲಿ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬುದನ್ನು ತಾಯಂದಿರಿಗೆ ಮುಂಚೆಯೇ ತಿಳಿಸಿ. ಬೇಗ ದಣಿಯುವ ಹುಡುಗಿಯನ್ನು ಸೋಮಾರಿ ಎನ್ನದೆ, ರಕ್ತಹೀನತೆಯ ಪರೀಕ್ಷೆಗೆ ಆಸ್ಪತ್ರೆಗೆ ಕಳುಹಿಸಿ.

ಪ್ರತಿಭೆಯಷ್ಟೇ ಸಾಲದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳಿಗಾಗಿ ಯೋಜನೆ ತಂದಾಗ, ವಸತಿ, ಊಟ, ತರಬೇತಿ ಮೂರೂ ಸಿಕ್ಕಿದ್ದರಿಂದ ಹಲವರು ರಾಷ್ಟ್ರಮಟ್ಟಕ್ಕೇರಿದರು. 1993ರಲ್ಲಿ ಅದು ನಿಂತಾಗ ಬಹಳ ಮಂದಿ ಓಟವನ್ನೇ ಬಿಟ್ಟು ಊರಿಗೆ ಮರಳಬೇಕಾಯಿತು. ನನ್ನ ಮಟ್ಟಿಗೆ ಇದು ಇಂದಿಗೂ ನೋವಿನ ಸಂಗತಿ. ಶಾಲೆ ಒಂದು ಋತುವಿನ ಉತ್ಸಾಹಕ್ಕಿಂತ ಮೂರು ವರ್ಷದ ಕ್ರಮಬದ್ಧ ಅಭ್ಯಾಸಕ್ಕೆ ಮನಸ್ಸು ಮಾಡಬೇಕು.

ಹತ್ತನೆಯ ತರಗತಿಗೆ ಬಂದೊಡನೆ ಪಾಲಕರು ಎಸ್ಸೆಸ್ಸೆಲ್ಸಿ ನೆನೆದು ಆಟ ಬಿಡಿಸುತ್ತಾರೆ. ಕ್ರೀಡಾಕೂಟದ ದಿನಗಳಲ್ಲಿ ತಪ್ಪಿದ ಪಾಠವನ್ನು ಯಾವ ಶಿಕ್ಷಕರು ಯಾವಾಗ ಹೇಳಿಕೊಡುತ್ತಾರೆಂದು ಪಾಲಕರ ಸಭೆಯಲ್ಲಿ ಹೇಳಿ, ಹಾಗೆಯೇ ನಡೆದುಕೊಳ್ಳಿ. ತಾಲೂಕು ಮಟ್ಟದಲ್ಲಿ ಸೋತ ಎಂಟನೆಯ ತರಗತಿಯವರನ್ನು ಅಲ್ಲಿಗೇ ಕೈಬಿಡದೆ, ನವೆಂಬರ್‌ನಲ್ಲಿ ಮೈದಾನ ಒಣಗಿದ ಕೂಡಲೇ ಮತ್ತೆ ಕರೆದು ಅಭ್ಯಾಸ ಮುಂದುವರಿಸಿ.